ಊರಿನ ಹೆಸರು ಯಾರಿಂದ ಕೆಡುತ್ತದೆ?



ಈ ಸಂಚಿಕೆಯ ತಯಾರಿಗೆಂದು ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ನಾಲ್ಕೈದು ಸಂಘಗಳ ಸದಸ್ಯೆಯರು ಒಂದು ಹಳ್ಳಿಯಲ್ಲಿ ಸೇರಿದ್ದೆವು. ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿದ ಮೇಲೆ ಪತ್ರಿಕೆಯ ಮಾತು ಬಂತು. ಈ ಸಲ ನಮ್ಮ ಈ ಊರುಗಳ ಮನೆಗಳಲ್ಲೇ ಹೆಂಗಸರ ಮೇಲೆ ನಡೆಯುವ ಹಿಂಸೆಯ ಬಗ್ಗೆ ಬರೆಯೋಣ ಎಂದು ನಾನು ಹೇಳಿದೆ. ದೇವಸ್ಥಾನದ ಹತ್ತಿರ ಸಣ್ಣ ಅಂಗಡಿ ಇಟ್ಟಿರುವ ಒಬ್ಬ ಸದಸ್ಯೆ ಕೂಡಲೇ ಮಾತಾಡಿದರು.

"ಬರೀರಿ ಅಕ್ಕ, ಬೇಡ ಅನ್ನಲ್ಲ. ಆದ್ರೆ ಊರಿನ ಹೆಸರು ಮಾತ್ರ ಹಾಕ್ಬೇಡಿ. ಫಾರಿನ್ನಿಂದ ಜನ ಬರೋ ಊರು ಇದು. ಇಲ್ಲಿ ಹೆಂಗಸರನ್ನ ಹೊಡೀತಾರೆ, ಸುಡ್ತಾರೆ ಅಂತ ಬರೆದ್ರೆ ಯಾರು ಬರ್ತಾರೆ? ನನ್ನ ಕಂತು ಯಾರು ಕಟ್ತಾರೆ?"

ಕೆಲವರು ಹೌದು ಹೌದೆಂದು ತಲೆಯಾಡಿಸಿದರು. ನನಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ.

ಅದೇ ಸಭೆಯಲ್ಲಿ ಗೋಡೆಯ ಪಕ್ಕ ಕೈಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಸದಸ್ಯೆ ಕೂತಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಿದ್ದಳಂತೆ. ಹಿಂದೆಯೂ ಒಮ್ಮೆ ಹೀಗೆಯೇ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು ಎಂದು ಪಕ್ಕದವರು ನನ್ನ ಕಿವಿಯಲ್ಲಿ ಹೇಳಿದರು. ಎಲ್ಲರಿಗೂ ಗೊತ್ತು. ಆದರೆ ಅಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರೂ ಅವಳನ್ನು ಏನೂ ಕೇಳಲಿಲ್ಲ. ಇಷ್ಟು ವರ್ಷದಿಂದ ಈ ಪತ್ರಿಕೆಯಲ್ಲಿ ಹಿಂಸೆಯ ವಿರುದ್ಧ ಬರೆಯುತ್ತಿರುವ ನಾನೂ ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಅವಳ ಗುರುತು ಸಿಗಬಾರದೆಂದು ಇಲ್ಲಿ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ.

ಅಂಗಡಿಯ ಅಕ್ಕನಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಕೇಳದೆ ಎದ್ದು ಬಂದ ನನ್ನ ತಪ್ಪಿಗೂ ಇದೇ ಉತ್ತರ.

ಮೊದಲು ಒಂದು ಮಾತು. ಆ ಅಕ್ಕ ಹೇಳಿದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದು ಜಾವಗಲ್ ಮೇಲೆ ಹಳೇಬೀಡಿಗೆ ಬರುವವರು, ಬೆಂಗಳೂರಿನಿಂದ ಕಾರಿನಲ್ಲಿ ಬರುವವರು, ಎಲ್ಲರಿಂದಲೂ ಒಂದಿಷ್ಟು ಹೊಟ್ಟೆ ತುಂಬುತ್ತದೆ. ಎಳನೀರು ಮಾರುವವರು, ಕಲ್ಲಿನ ಬೊಂಬೆ ಮಾರುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಲಾಡ್ಜಿನ ರೂಮು ಗುಡಿಸುವವರು. ಇವರಲ್ಲಿ ಎಷ್ಟೋ ಜನ ನಮ್ಮ ಸಂಘದವರೇ. ಬಡ ಹೆಂಗಸಿಗೆ ವ್ಯಾಪಾರ ನಿಂತರೆ ಮನೆ ನಿಂತಂತೆ. ಅವರ ಹೆದರಿಕೆ ನಿಜವಾದದ್ದು.

ಆದರೆ ಪ್ರಶ್ನೆ ಇದು: ಊರಿನ ಹೆಸರು ಕೆಡುವುದು ಅಪರಾಧ ನಡೆದಿದ್ದರಿಂದಲೋ, ಅದನ್ನು ಹೇಳಿದ್ದರಿಂದಲೋ?

ನಮ್ಮದೇ ರಾಜ್ಯದ ಒಂದು ಉದಾಹರಣೆ ನೋಡೋಣ. ಹಂಪಿಯ ಎದುರು ದಡಕ್ಕೆ ತುಂಗಭದ್ರೆಯಲ್ಲಿ ವಿರೂಪಾಪುರ ಗಡ್ಡೆ ಎಂಬ ನಡುಗಡ್ಡೆ ಇದೆ. ಎಷ್ಟೋ ವರ್ಷ ಅದು ವಿದೇಶಿ ಪ್ರವಾಸಿಗರ ಅಚ್ಚುಮೆಚ್ಚಿನ ಜಾಗವಾಗಿತ್ತು. ಅಲ್ಲಿನ ರೆಸಾರ್ಟುಗಳು ಅಕ್ರಮ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2020ರಲ್ಲಿ ಅವನ್ನು ಕೆಡವಿದರು. ಆದರೂ ಹತ್ತಿರದ ಸಾಣಾಪುರ, ಆನೆಗೊಂದಿ ಕಡೆಗೆ ಪ್ರವಾಸಿಗರು ಬರುತ್ತಲೇ ಇದ್ದಾರೆ. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆಯ ಬಳಿ ಕೂತಿದ್ದ ಐದು ಜನರ ಮೇಲೆ ಮೂವರು ಗಂಡಸರು ಹಲ್ಲೆ ಮಾಡಿದರು. ಜೊತೆಯಲ್ಲಿದ್ದ ಗಂಡಸರನ್ನು ಕಾಲುವೆಗೆ ತಳ್ಳಿದರು. ಅವರಲ್ಲಿ ಒಡಿಶಾದ ಒಬ್ಬ ಯುವಕ ಸತ್ತುಹೋದ. ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಒಬ್ಬರು ಇಸ್ರೇಲಿನಿಂದ ಬಂದವರು. ಇನ್ನೊಬ್ಬರು ಅವರು ಇಳಿದುಕೊಂಡಿದ್ದ ಹೋಂಸ್ಟೇ ನಡೆಸುತ್ತಿದ್ದವರು.

ಆಗಲೂ ಮೊದಲು ಕೇಳಿಬಂದ ಮಾತುಗಳಲ್ಲಿ ಒಂದು, ಹಂಪಿಯ ಹೆಸರು ಹಾಳಾಯಿತು ಎಂಬುದು. ಕೆಲವು ಪ್ರವಾಸಿಗರು ಹೆದರಿ ಹೊರಟರು. ನಿಜ. ಆದರೆ ಆ ಇಬ್ಬರು ಹೆಂಗಸರು ಊರಿನ ಹೆಸರು, ತಮ್ಮ ಹೆಸರು ಎಂದು ಬಾಯಿ ಮುಚ್ಚಿಕೊಳ್ಳಲಿಲ್ಲ. ದೂರು ದಾಖಲಾಯಿತು. ಕೆಲವೇ ದಿನಗಳಲ್ಲಿ ಆರೋಪಿಗಳು ಸಿಕ್ಕಿಬಿದ್ದರು. ಹೋಂಸ್ಟೇ, ರೆಸಾರ್ಟುಗಳ ಮೇಲೆ ನಿಗಾ ಬಿಗಿಯಾಯಿತು. ಹೇಳದೇ ಇದ್ದಿದ್ದರೆ ಏನಾಗುತ್ತಿತ್ತು? ಆ ಮೂವರು ಅದೇ ಕಾಲುವೆ ದಾರಿಯಲ್ಲಿ ತಿರುಗಾಡಿಕೊಂಡಿರುತ್ತಿದ್ದರು. ಮುಂದಿನ ಸಲ ಅವರ ಕೈಗೆ ಸಿಕ್ಕವಳು ಹೊಲದಿಂದ ಮನೆಗೆ ಹೋಗುವ ಆ ಊರಿನದೇ ಹೆಂಗಸಾಗಿರಬಹುದಿತ್ತು.

ಇನ್ನೊಂದನ್ನೂ ಗಮನಿಸಿ. ಬಹಳಷ್ಟು ಸುದ್ದಿಗಳ ತಲೆಬರಹದಲ್ಲಿ ಇದು ವಿದೇಶಿ ಮಹಿಳೆಯ ಮೇಲಿನ ಅತ್ಯಾಚಾರವಾಗಿತ್ತು. ಹೋಂಸ್ಟೇ ನಡೆಸುತ್ತಿದ್ದ ನಮ್ಮ ಹೆಣ್ಣುಮಗಳು ಎರಡನೇ ಸಾಲಿಗೆ ಸರಿದಳು. ಅದೇ ರಾತ್ರಿ, ಅದೇ ಜಾಗ, ಅದೇ ಅಪರಾಧ. ಆದರೂ ಒಬ್ಬಳ ನೋವು ದೇಶದ ಮಾನದ ಪ್ರಶ್ನೆ, ಇನ್ನೊಬ್ಬಳದು ಜೊತೆಗೆ ಸೇರಿಸಿದ ಒಂದು ವಾಕ್ಯ.

ಗೋವಾದಲ್ಲಿ ಇದಕ್ಕೂ ಹಿಂದೆ ಒಂದು ಘಟನೆ ನಡೆಯಿತು. 2008ರ ಫೆಬ್ರವರಿಯಲ್ಲಿ ಅಂಜುನಾ ಸಮುದ್ರ ತೀರದಲ್ಲಿ ಇಂಗ್ಲೆಂಡಿನ ಹದಿನೈದು ವರ್ಷದ ಹುಡುಗಿಯ ಶವ ಸಿಕ್ಕಿತು. ನೀರಿನಲ್ಲಿ ಮುಳುಗಿ ಸತ್ತಿದ್ದಾಳೆ ಎಂದು ಪೊಲೀಸರು ಮುಗಿಸಲು ಹೊರಟರು. ತಾಯಿ ಒಪ್ಪಲಿಲ್ಲ. ಎರಡನೇ ಸಲ ಮರಣೋತ್ತರ ಪರೀಕ್ಷೆ ಮಾಡಿಸಿದಳು. ಮೈಮೇಲೆ ಗಾಯಗಳಿದ್ದದ್ದು ಬೆಳಕಿಗೆ ಬಂತು. ಮಗಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಜನ ಆ ತಾಯಿಯನ್ನೇ ಬೈದರು. ಕೆಳಗಿನ ಕೋರ್ಟಿನಲ್ಲಿ 2016ರಲ್ಲಿ ಆರೋಪಿಗಳು ಬಿಡುಗಡೆಯಾದರು. 2019ರಲ್ಲಿ ಹೈಕೋರ್ಟು ಅವರಲ್ಲಿ ಒಬ್ಬನಿಗೆ ಹತ್ತು ವರ್ಷ ಶಿಕ್ಷೆ ಕೊಟ್ಟಿತು. ಹನ್ನೊಂದು ವರ್ಷ ಆ ತಾಯಿ ಪಟ್ಟುಬಿಡದೆ ಕೇಳುತ್ತಲೇ ಇದ್ದಳು.

"ನೀರಿಗೆ ಬಿದ್ದು ಸತ್ತಳು." ಗೆಳತಿಯರೇ, ಈ ಮಾತು ನಮಗೆ ಹೊಸದೇ? ನಮ್ಮ ಕಡೆ ಅದಕ್ಕೆ ಬೇರೆ ಬೇರೆ ರೂಪಗಳಿವೆ. ಸ್ಟವ್ ಸಿಡಿಯಿತು. ಹೊಟ್ಟೆನೋವು ತಾಳಲಾರದೆ ಬಾವಿಗೆ ಬಿದ್ದಳು. ಕಾಲು ಜಾರಿ ಕೆರೆಗೆ ಬಿದ್ದಳು. 1979ರಿಂದ ಕೆಲಸ ಮಾಡುತ್ತಿರುವ ಬೆಂಗಳೂರಿನ ವಿಮೋಚನಾ ಸಂಘಟನೆಯ ಗೆಳತಿಯರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಅಡುಗೆಮನೆಯ ಅಪಘಾತ ಎಂದು ಬರೆದಿದ್ದ ಸಾವುಗಳ ಹಿಂದೆ ಏನಿದೆ ಎಂದು ಕೇಳತೊಡಗಿದರು. ಅದೇಕೆ ಸ್ಟವ್ ಯಾವಾಗಲೂ ಸೊಸೆಯ ಮೇಲೇ ಸಿಡಿಯುತ್ತದೆ, ಅತ್ತೆಯ ಮೇಲೆ, ಗಂಡನ ಮೇಲೆ ಏಕೆ ಸಿಡಿಯುವುದಿಲ್ಲ ಎಂದು ಬೀದಿಯಲ್ಲಿ ನಿಂತು ಕೇಳಿದ ಕಾಲ ಅದು. ಇಂದು ಸೀಮೆಎಣ್ಣೆ ಸ್ಟವ್ ಹೋಗಿ ಗ್ಯಾಸ್ ಬಂದಿದೆ. ಕಾರಣ ಬದಲಾಗಿದೆ, ಸಾವು ನಿಂತಿಲ್ಲ. ಸರ್ಕಾರದ ಲೆಕ್ಕದಲ್ಲೇ ದೇಶದಲ್ಲಿ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ಹೆಂಗಸರು ವರದಕ್ಷಿಣೆಗೆ ಬಲಿಯಾಗುತ್ತಿದ್ದಾರೆ. ಇದು ವರದಕ್ಷಿಣೆ ಸಾವು ಎಂದು ಬರೆದುಕೊಂಡವರ ಲೆಕ್ಕ ಮಾತ್ರ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2019-20ರಲ್ಲಿ ಕರ್ನಾಟಕದ ಮನೆಮನೆಗೆ ಬಂದು ಕೇಳಿದಾಗ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಆಗಿದೆ ಎಂದರು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ನೂರಕ್ಕೆ 20ರಷ್ಟು ಜನ ಹೀಗೆ ಹೇಳಿದ್ದರು. ಹೊಡೆತ ಇಮ್ಮಡಿಯಾಯಿತೋ, ಹೇಳುವ ಧೈರ್ಯ ಇಮ್ಮಡಿಯಾಯಿತೋ? ಎರಡೂ ಇರಬಹುದು. ಅದೇ ಸಮೀಕ್ಷೆಯಲ್ಲಿ ಇಡೀ ದೇಶದ ಇನ್ನೊಂದು ಲೆಕ್ಕ ಇದೆ. ಹಿಂಸೆ ಅನುಭವಿಸಿದ ನೂರು ಹೆಂಗಸರಲ್ಲಿ 77 ಜನ ಯಾರ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಲ್ಲ. ತಾಯಿಗೂ ಇಲ್ಲ, ಅಕ್ಕತಂಗಿಗೂ ಇಲ್ಲ, ಸಂಘಕ್ಕೂ ಇಲ್ಲ. ಹತ್ತು ಜನರ ಸಂಘದಲ್ಲಿ ನಿಮ್ಮ ಪಕ್ಕ ಕೂತವಳು ಆ 77ರಲ್ಲಿ ಒಬ್ಬಳೇ ಎಂದು ನಿಮಗೆ ಗೊತ್ತೇ?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಗರುಡಗಂಬ ಇದೆ. ಅರಸ ವೀರಬಲ್ಲಾಳ ತೀರಿಕೊಂಡಾಗ ಅವನ ಅಂಗರಕ್ಷಕ ಕುವರ ಲಕ್ಷ್ಮ ತನ್ನ ಹೆಂಡತಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಕೊಟ್ಟ ಕಥೆಯನ್ನು ಅದು ಹೇಳುತ್ತದೆ. ನಮ್ಮ ನಾಡಿನ ಎಷ್ಟೋ ಊರಿನಲ್ಲಿ ಬಳೆ ತೊಟ್ಟ ಕೈ ಮೇಲೆತ್ತಿದ ಮಾಸ್ತಿಕಲ್ಲುಗಳಿವೆ. ಅಂದು ಹೆಣ್ಣಿನ ಸಾವನ್ನು ಮನೆತನದ ಮರ್ಯಾದೆ ಎಂದು ಕಲ್ಲಿನಲ್ಲಿ ಕೆತ್ತಿದರು. ಇಂದು ಹೆಣ್ಣಿನ ಸಾವನ್ನು ಮನೆತನದ ಮರ್ಯಾದೆಗಾಗಿ ಮುಚ್ಚಿಡುತ್ತಾರೆ. ಎರಡರಲ್ಲೂ ಅವಳಿಗೆ ಬದುಕುವ ಆಸೆ ಇತ್ತೇ ಎಂದು ಕೇಳಿದವರಿಲ್ಲ.

ಬೇಲೂರಿನ ಮದನಿಕೆಯ ಒಂದು ಬೆರಳು ಮುರಿದರೆ ಪುರಾತತ್ವ ಇಲಾಖೆ ಬರುತ್ತದೆ. ಸ್ಮಾರಕಕ್ಕೆ ಹಾನಿ ಮಾಡಿದವನಿಗೆ 1958ರ ಕಾಯ್ದೆಯಲ್ಲಿ ಜೈಲು ಶಿಕ್ಷೆ ಇದೆ. ಆ ಕಾಯ್ದೆ ಇರಲೇಬೇಕು. ಆದರೆ ಜೀವಂತ ಹೆಂಗಸಿನ ಕೈ ಮುರಿದರೆ "ಅದು ಗಂಡ ಹೆಂಡಿರ ಜಗಳ, ಉಂಡು ಮಲಗೋ ತನಕ" ಎನ್ನುತ್ತೇವಲ್ಲ, ಇದು ಯಾವ ನ್ಯಾಯ? ಪ್ರವಾಸಿಗರು ನಮ್ಮ ಊರಿನಲ್ಲಿ ಎರಡು ಗಂಟೆ ಇರುತ್ತಾರೆ. ಸೊಸೆ ನಲವತ್ತು ವರ್ಷ ಇರುತ್ತಾಳೆ. ಊರು ಸುರಕ್ಷಿತವೇ ಎಂದು ಯಾರನ್ನು ಕೇಳಬೇಕು?

ಇನ್ನು ವರದಕ್ಷಿಣೆ. ತೆಂಗಿನ ತೋಟ ಎಷ್ಟಿದೆ, ಕೆಲಸ ಯಾವುದು ಎಂದು ನೋಡಿ ಗಂಡಿಗೆ ಬೆಲೆ ಕಟ್ಟುವುದು ನಿಂತಿಲ್ಲ. ಕೇಳುವ ರೀತಿ ಬದಲಾಗಿದೆ. "ನಮಗೇನೂ ಬೇಡ, ನಿಮ್ಮ ಹುಡುಗಿಗೆ ನೀವು ಹಾಕಿ, ಛತ್ರದಲ್ಲಿ ಚೆನ್ನಾಗಿ ಮಾಡಿಕೊಡಿ" ಎನ್ನುತ್ತಾರೆ. ಮದುವೆ ಆದ ಮೇಲೆ ಸೊಸೆಗೆ, "ಸಂಘದಲ್ಲಿ ಸಾಲ ಎತ್ತಿಕೊಂಡು ಬಾ" ಎನ್ನುತ್ತಾರೆ. ಪುಸ್ತಕದಲ್ಲಿ ಹಸುವಿಗೆ ಎಂದು ಬರೆದ ಸಾಲ ಗಂಡನ ಬೈಕಿಗೆ ಹೋಗುತ್ತದೆ. ಕಂತು ಕಟ್ಟುವವಳು ಅವಳು, ತಡವಾದರೆ ಪೆಟ್ಟು ತಿನ್ನುವವಳೂ ಅವಳೇ. ನಾವು ಬೆವರು ಸುರಿಸಿ ಕಟ್ಟಿದ ಸಂಘವೇ ವರದಕ್ಷಿಣೆಗೆ ದಾರಿಯಾಗುತ್ತಿದೆ. ಸಾಲ ಯಾಕೆ ಎಂದು ಸಂಘದಲ್ಲಿ ಕೇಳುತ್ತೇವೆ, ಕೈಗೆ ಪೆಟ್ಟು ಯಾಕಾಯಿತು ಎಂದು ಕೇಳುವುದಿಲ್ಲ. ಎರಡೂ ಒಂದೇ ಪ್ರಶ್ನೆ ಆಗಿರಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬಹಿರಂಗವಾಗಿ ಮಾತಾಡುವುದು ಎಂದರೆ ಹೆಣ್ಣನ್ನು ಬೀದಿಗೆ ಎಳೆಯುವುದಲ್ಲ. ಇದನ್ನು ನಮ್ಮ ಹಾಸನ ಜಿಲ್ಲೆ ಬಹಳ ನೋವಿನಿಂದ ಕಲಿತಿದೆ. 2024ರ ಏಪ್ರಿಲ್‌ನಲ್ಲಿ ಚುನಾವಣೆಯ ಹೊತ್ತಿಗೆ ಪೆನ್‌ಡ್ರೈವ್‌ಗಳು ಜಿಲ್ಲೆಯಲ್ಲಿ ಹಂಚಿಕೆಯಾದವು. ಅವುಗಳಲ್ಲಿದ್ದ ಹೆಂಗಸರ ಮುಖಗಳನ್ನೂ ಮರೆಮಾಡಿರಲಿಲ್ಲ. ಅಪರಾಧಿ ಯಾರು ಎಂದು ಕೇಳುವುದಕ್ಕಿಂತ ಅವಳು ಯಾರು, ಯಾವ ಊರಿನವಳು ಎಂದು ಹುಡುಕಿದವರೇ ಹೆಚ್ಚು. ಎಷ್ಟೋ ಹೆಂಗಸರು ಮನೆಯಿಂದ ಹೊರಗೆ ಬರಲಾಗದೆ ಕಷ್ಟಪಟ್ಟರು. ಅದು ಅಪರಾಧದ ಬಗ್ಗೆ ಮಾತಾಡಿದ್ದಲ್ಲ, ಎರಡನೇ ಅಪರಾಧ.

ಆಗ ನಮ್ಮ ರಾಜ್ಯದ ಮಹಿಳಾ ಸಂಘಟನೆಗಳು, ಜನಪರ ಸಂಘಟನೆಗಳು 2024ರ ಮೇ 30ರಂದು ಹಾಸನದಲ್ಲಿ ಮೆರವಣಿಗೆ ಮಾಡಿ, ನೊಂದ ಹೆಂಗಸರ ಜೊತೆ ನಾವಿದ್ದೇವೆ ಎಂದು ಬೀದಿಯಲ್ಲಿ ನಿಂತು ಹೇಳಿದವು. ಮನೆಗೆಲಸ ಮಾಡಿಕೊಂಡಿದ್ದ ಒಬ್ಬ ಮಹಿಳೆ ದೂರು ಕೊಟ್ಟು, ಕೋರ್ಟಿನಲ್ಲಿ ಗಟ್ಟಿಯಾಗಿ ನಿಂತು ಸಾಕ್ಷಿ ಹೇಳಿದರು. ಅವರ ಸೀರೆಯೂ ಸಾಕ್ಷಿಯಾಯಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಆ ಮಹಿಳೆಯ ಹೆಸರು ನಮಗೆ ಬೇಕಾಗಿಲ್ಲ. ಅವರ ಧೈರ್ಯ ಬೇಕು. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಕಾನೂನಿನಲ್ಲೇ ಅಪರಾಧ, ಎರಡು ವರ್ಷದವರೆಗೆ ಶಿಕ್ಷೆ ಇದೆ. ಮೊಬೈಲಿನಲ್ಲಿ ಅಂಥದ್ದು ಬಂದರೆ ಮುಂದಕ್ಕೆ ಕಳಿಸಬೇಡಿ. ಗಂಡುಮಕ್ಕಳಿಗೂ ಹೇಳಿ.

ಹಾಗಾದರೆ ಸಂಘದಲ್ಲಿ ಹೇಗೆ ಮಾತಾಡಬೇಕು? ನಮ್ಮ ಅನುಭವದಿಂದ ಕೆಲವು ಮಾತುಗಳು.

ಒಂದು, ನೊಂದವಳನ್ನು ಸಭೆಯಲ್ಲಿ ಎಲ್ಲರೆದುರು ಕೇಳಬೇಡಿ. ಒಬ್ಬರೋ ಇಬ್ಬರೋ ನಂಬಿಕೆಯವರು ಬೇರೆಯಾಗಿ ಕೂತು ಕೇಳಿ. "ಯಾಕೆ ಹೊಡೆದ?" ಎಂದು ಕೇಳಬೇಡಿ. ಅವಳಲ್ಲೇ ತಪ್ಪು ಇದ್ದಂತೆ ಆಗುತ್ತದೆ. "ನಿನಗೆ ಏನು ಬೇಕು, ನಾವೇನು ಮಾಡೋಣ?" ಎಂದು ಕೇಳಿ. ಹೇಳಿದ್ದು ಸಂಘದಿಂದ ಹೊರಗೆ ಹರಟೆಯಾಗಿ ಹೋಗಬಾರದು.

ಎರಡು, ಹಿಂಸೆ ಬಗ್ಗೆ ಸಭೆಯಲ್ಲಿ ಎಲ್ಲರಿಗೂ ಸೇರಿದ ವಿಷಯವಾಗಿ ಮಾತಾಡಿ. ತಿಂಗಳಿಗೆ ಒಂದು ಸಲ ಉಳಿತಾಯದ ಲೆಕ್ಕದಂತೆ ಇದಕ್ಕೂ ಹೊತ್ತು ಇಡಿ. ಹೆಸರು ಬೇಡ. ಆದರೆ ನಮ್ಮ ಊರಿನಲ್ಲಿ ಇಲ್ಲ ಎನ್ನುವ ಸುಳ್ಳು ಬೇಡ.

ಮೂರು, ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ ನೆನಪಿಡಿ. ಅದರಲ್ಲಿ ನೊಂದವಳೇ ದೂರು ಕೊಡಬೇಕೆಂದಿಲ್ಲ. ನೆರೆಯವರು, ಸಂಘದವರು, ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ಅಂಗನವಾಡಿಗಳ ಮೇಲಿನ ಅಧಿಕಾರಿ ಸಿಡಿಪಿಒ ಅವರೇ ರಕ್ಷಣಾಧಿಕಾರಿ. ದೂರು ಕೊಟ್ಟಳೆಂದು ಅವಳನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರ ಸಹಾಯ ಉಚಿತ.

ನಾಲ್ಕು, "ವರದಕ್ಷಿಣೆ ಕೊಟ್ಟವರ ಮೇಲೂ ಕೇಸು ಆಗುತ್ತದೆ, ಸುಮ್ಮನಿರಿ" ಎಂದು ಹೆದರಿಸುತ್ತಾರೆ. ಕೊಡುವುದೂ ಅಪರಾಧ, ನಿಜ. ಆದರೆ ಕಿರುಕುಳಕ್ಕೆ ಒಳಗಾಗಿ ನೊಂದವರು ಕೊಡುವ ಹೇಳಿಕೆಯ ಮೇಲೆ ಅವರನ್ನೇ ಶಿಕ್ಷೆಗೆ ಗುರಿಮಾಡುವಂತಿಲ್ಲ ಎಂದು ವರದಕ್ಷಿಣೆ ನಿಷೇಧ ಕಾಯ್ದೆಯ 7ನೇ ಸೆಕ್ಷನ್ ಹೇಳುತ್ತದೆ. ಹಳೆಯ 498-ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್. ವರದಕ್ಷಿಣೆ ಸಾವಿನ 304-ಬಿ ಈಗ 80ನೇ ಸೆಕ್ಷನ್. 2024ರ ಜುಲೈ 1ರಿಂದ ನಂಬರು ಬದಲಾಗಿದೆ, ಹಕ್ಕು ಹೋಗಿಲ್ಲ.

ಐದು, ಮದುವೆಯಾಗಿ ಏಳು ವರ್ಷದೊಳಗೆ ಸೊಸೆ ಅಸಹಜವಾಗಿ ಸತ್ತರೆ ತಹಸೀಲ್ದಾರರಂಥ ಮ್ಯಾಜಿಸ್ಟ್ರೇಟ್ ಅಧಿಕಾರಿ ಬಂದು ಪಂಚನಾಮೆ ಮಾಡಬೇಕು. ಮರಣೋತ್ತರ ಪರೀಕ್ಷೆ ಆಗಬೇಕು. ಅದಕ್ಕೂ ಮೊದಲೇ ದಹನ ಮಾಡಲು ಆತುರ ಪಡುತ್ತಿದ್ದರೆ 112ಕ್ಕೆ ಫೋನ್ ಮಾಡಿ. ಸುಟ್ಟಗಾಯದಿಂದ ಆಸ್ಪತ್ರೆಗೆ ಸೇರಿದವಳು ಮಾತಾಡುವ ಸ್ಥಿತಿಯಲ್ಲಿದ್ದರೆ, ಹೇಳಿಕೆ ಕೊಡುವಾಗ ಗಂಡನ ಮನೆಯವರು ಅವಳ ತಲೆದೆಸೆಯಲ್ಲಿ ನಿಂತಿರದಂತೆ ನೋಡಿಕೊಳ್ಳಿ. ಹೆಂಗಸರ ಸಹಾಯವಾಣಿ 181. ಈ ಎರಡು ನಂಬರುಗಳನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಅಂಗಡಿಯ ಅಕ್ಕ, ಈಗ ನಿಮಗೆ ಉತ್ತರ. ನಾನು ಊರಿನ ಹೆಸರು ಹಾಕಿದ್ದೇನೆ. ಅರಸೀಕೆರೆ, ಬೇಲೂರು, ಹಳೇಬೀಡು. ಇವು ಬೇರೆ ಊರುಗಳಿಗಿಂತ ಕೆಟ್ಟವು ಎಂದಲ್ಲ. ನೂರಕ್ಕೆ 44 ಎಂಬ ಲೆಕ್ಕ ಇಡೀ ಕರ್ನಾಟಕದ್ದು. ಎಲ್ಲರೂ ತಮ್ಮ ಊರಿನ ಹೆಸರು ಬಿಟ್ಟು ಬರೆದರೆ, ಹಿಂಸೆ ಯಾವ ಊರಿನಲ್ಲೂ ನಡೆಯುವುದಿಲ್ಲ ಎಂದಾಗುತ್ತದೆ. ಸಾಣಾಪುರದ ನಂತರವೂ ಹಂಪಿಗೆ ಜನ ಬರುತ್ತಿದ್ದಾರೆ, ಗೋವಾಕ್ಕೂ ಬರುತ್ತಿದ್ದಾರೆ. ಹೆಂಗಸರು ಧೈರ್ಯವಾಗಿ ಮಾತಾಡುವ ಊರಿಗೆ ಹೆಂಗಸರು ಧೈರ್ಯವಾಗಿ ಬರುತ್ತಾರೆ. ನಿಮ್ಮ ಅಂಗಡಿಗೆ ಬರುವ ಪರದೇಶದ ಹೆಣ್ಣುಮಗಳಿಗೂ ಅದು ಒಳ್ಳೆಯದು, ಅಂಗಡಿ ಮುಚ್ಚಿ ಕತ್ತಲಲ್ಲಿ ಮನೆಗೆ ಹೋಗುವ ನಿಮಗೂ ಒಳ್ಳೆಯದು.

ಕೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ತಂಗಿಯನ್ನು ನೋಡಲು ನಾನು ಎರಡು ವಾರದ ಮೇಲೆ ಮತ್ತೆ ಹೋದೆ. ಸಂಘದ ಇಬ್ಬರು ಜೊತೆಗೆ ಬಂದರು. ಬಾವಿಕಟ್ಟೆಯ ಹತ್ತಿರ ಕೂತೆವು. ಮೊದಲು ಅವಳು ಮಳೆ, ಬೆಳೆ ಎಂದೇ ಮಾತಾಡಿದಳು. ನಾನು ಅವತ್ತು ಕೇಳದೆ ಹೋಗಿದ್ದು ತಪ್ಪಾಯಿತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಚ್ಚಲು ಅಲ್ಲ ಅಕ್ಕ" ಎಂದಳು. ಅಷ್ಟೇ ಹೇಳಿದ್ದು. ದೂರು ಕೊಡುತ್ತೀಯಾ ಎಂದಾಗ ಈಗ ಬೇಡ ಎಂದಳು. ನಾವು ಒತ್ತಾಯ ಮಾಡಲಿಲ್ಲ. ಈಗ ಪ್ರತಿ ವಾರ ಸಂಘದ ಇಬ್ಬರು ಸದಸ್ಯೆಯರು ಏನಾದರೂ ನೆಪ ಮಾಡಿಕೊಂಡು ಅವಳ ಮನೆಗೆ ಹೋಗಿ ಬರುತ್ತಾರೆ. ಸೊಸೆಯನ್ನು ವಿಚಾರಿಸುವವರು ಇದ್ದಾರೆ ಎಂದು ಆ ಮನೆಗೂ ಗೊತ್ತಾಗಿದೆ. ಇದನ್ನು ಬರೆಯಲೇ ಎಂದು ಕೇಳಿದಾಗ, "ನನ್ನ ಹೆಸರು ಬೇಡ, ಬಾಕಿ ಬರೀರಿ" ಎಂದಳು.

ಬರೆದಿದ್ದೇನೆ. ಮುಂದಿನ ಸಭೆಗೆ ಹೋದಾಗ ನಿಮ್ಮ ಪಕ್ಕದಲ್ಲಿ ಕೂತವಳ ಕಡೆ ಒಮ್ಮೆ ನೋಡಿ. ಬಸ್ಸಿಗೆ ಹೊತ್ತಾದರೂ ಪರವಾಗಿಲ್ಲ, ಕೇಳಿ ಹೋಗಿ.

ನಿಮ್ಮ ಸಂಘದಲ್ಲಿ ಈ ಮಾತು ಹೇಗೆ ನಡೆಯಿತು ಎಂದು ನಮಗೆ ಕಾಗದ ಬರೆಯಿರಿ. ಹೆಂಗಸರ ಹೆಸರು ಬೇಡ. ಊರಿನ ಹೆಸರು ಇರಲಿ.